ನಿಂತಾಗ ಮಾತ್ರ ಇಂಜಿನ್ ಬಿಸಿಯಾಗುತ್ತಿದ್ದರೆ ಎಲ್ಲಿಂದ ಶುರು ಮಾಡಬೇಕು

ಕಾರು ಓಡುವಾಗ ಟೆಂಪರೇಚರ್ ಮುಳ್ಳು ನಡುವಲ್ಲೇ ಇರುತ್ತದೆ. ಸಿಗ್ನಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಮೇಲೇರುತ್ತದೆ. ಹೊರಟರೆ ಮತ್ತೆ ಇಳಿಯುತ್ತದೆ. ಈ ತೊಂದರೆ ಹೇಳಿಕೊಂಡು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ಇಂಜಿನ್ ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್) ಬದಲಿಸಿಬಿಟ್ಟಿರುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ತೊಂದರೆ ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಅದನ್ನು ಯಾರೂ ನೋಡುವುದಿಲ್ಲ.

ಓಡುವಾಗ ಎದುರುಗಾಳಿ ತಾನಾಗಿ, ಇಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್‌ಗೆ ನುಗ್ಗುತ್ತದೆ. ನಿಂತಾಗ ಆ ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ಹಾಗಾಗಿ ನಿಂತಾಗ ಮಾತ್ರ ಬಿಸಿ ಅಂದರೆ ಮೊದಲ ಅನುಮಾನ ಗಾಳಿಯ ಮೇಲೆ. ಹೈವೇಯಲ್ಲಿ ವೇಗವಾಗಿ ಹೋಗುವಾಗಲೂ ಬಿಸಿಯಾದರೆ ಅದು ಬೇರೆ ಕಥೆ. ಆಗ ಥರ್ಮೋಸ್ಟಾಟ್, ಒಳಗೆ ಕಟ್ಟಿಕೊಂಡ ರೇಡಿಯೇಟರ್ ಇವನ್ನು ನೋಡಬೇಕು.

ಶುರು ಮಾಡುವುದು ಇಂಜಿನ್ ಪೂರ್ತಿ ತಣ್ಣಗಿದ್ದಾಗ. ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್‌ಗೆ ಬಟ್ಟೆ ಸುತ್ತಿ ಕೂಡ ಕೈ ಹಾಕಬೇಡಿ. ಒಳಗೆ ಒತ್ತಡ ಇರುತ್ತದೆ, ತೆಗೆದ ಕೂಡಲೇ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಕೂಲಂಟ್ (ಇಂಜಿನ್ ತಣಿಸುವ ದ್ರವ) ಮೇಲಿನ ತನಕ ಇದೆಯಾ ನೋಡಿ. ಪಕ್ಕದ ಕೂಲಂಟ್ ಡಬ್ಬಿ ತುಂಬಿದೆ ಅಂದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತಲ್ಲ. ಎರಡನ್ನೂ ನೋಡಿ. ಕಡಿಮೆ ಇದ್ದರೆ ಸುಮ್ನೆ ತುಂಬಿಸಿ ಮುಂದೆ ಹೋಗಬೇಡಿ, ಅದು ಎಲ್ಲಿಗೆ ಹೋಯಿತು ಅಂತ ಹುಡುಕಿ.

ಈಗ ಫ್ಯಾನ್. ಇಂಜಿನ್ ಸ್ಟಾರ್ಟ್ ಮಾಡಿ, ಎಸಿ ಆಫ್ ಇಟ್ಟು, ಬಾನೆಟ್ ಎತ್ತಿ ಕಾಯಿರಿ. ಬಹಳಷ್ಟು ಕಾರುಗಳಲ್ಲಿ ಕೂಲಂಟ್ 95 ರಿಂದ 105 ಡಿಗ್ರಿ ಮುಟ್ಟುವ ಹೊತ್ತಿಗೆ ಫ್ಯಾನ್ ತಾನಾಗಿ ತಿರುಗಬೇಕು. ಮುಳ್ಳನ್ನೇ ನಂಬಬೇಡಿ. ಈಗಿನ ಕಾರುಗಳಲ್ಲಿ ಅದು ನಡುವಲ್ಲಿ ಅಲ್ಲಾಡದೆ ನಿಲ್ಲುವಂತೆ ಮಾಡಿರುತ್ತಾರೆ. ಅದು ಏರಿತು ಅನ್ನುವಷ್ಟರಲ್ಲಿ ಬಿಸಿ ಆಗಲೇ ಜಾಸ್ತಿಯಾಗಿರುತ್ತದೆ. ಓಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಇದ್ದರೆ ಹಾಕಿ, ನಿಜವಾದ ಡಿಗ್ರಿ ಅದರಲ್ಲಿ ಕಾಣುತ್ತದೆ. ಕೈ, ಬಟ್ಟೆ, ಕೂದಲು ದೂರ ಇರಲಿ. ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಆದ ಮೇಲೂ ಫ್ಯಾನ್ ತಟ್ಟನೆ ತಿರುಗುತ್ತದೆ.

ಫ್ಯಾನ್ ಬರಲಿಲ್ಲವೇ? ಎಸಿ ಹಾಕಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದರೆ ಫ್ಯಾನ್ ಬರುತ್ತದೆ. ಆಗ ಬಂದರೆ ಮೋಟಾರ್ ಸತ್ತಿಲ್ಲ. ಟೆಂಪರೇಚರ್ ಸೆನ್ಸರ್, ಇಲ್ಲವೇ ಎರಡು ಸ್ಪೀಡಿನ ಫ್ಯಾನ್ ಆಗಿದ್ದರೆ ಕಡಿಮೆ ಸ್ಪೀಡಿಗಾಗಿ ಕರೆಂಟ್ ತಗ್ಗಿಸುವ ರೆಸಿಸ್ಟರ್ ಹೋಗಿರಬಹುದು. ಎರಡು ಫ್ಯಾನ್ ಇರುವ ಕಾರಾದರೆ ಎರಡೂ ತಿರುಗುತ್ತಿವೆಯಾ ನೋಡಿ, ಒಂದರ ಸದ್ದು ಕೇಳಿ ಸುಮ್ಮನಾಗಬೇಡಿ. ಎಸಿ ಹಾಕಿದರೂ ಫ್ಯಾನ್ ಬರದಿದ್ದರೆ ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್. ಅದೇ ನಂಬರಿನ ಇನ್ನೊಂದು ರಿಲೇ ಪಕ್ಕದಲ್ಲೇ ಇದ್ದರೆ ಅದಲು ಬದಲು ಮಾಡಿ. ಕೊನೆಗೆ ಫ್ಯಾನಿನ ಕಪ್ಲರ್ (ವೈರ್ ಸೇರುವ ಪ್ಲಗ್) ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕರೆಂಟ್ ಬರುತ್ತಿದ್ದೂ ತಿರುಗದಿದ್ದರೆ ಮೋಟಾರ್ ಹೋಗಿದೆ. ಕಪ್ಲರ್ ಒಳಗಿನ ಪಿನ್ ಸುಟ್ಟು ಕಪ್ಪಾಗಿರುವುದನ್ನೂ ನಾನು ತುಂಬಾ ಸಲ ಕಂಡಿದ್ದೇನೆ.

ಫ್ಯಾನ್ ತಿರುಗಿತು ಅಂದ ಮೇಲೂ ಒಂದು ಪರೀಕ್ಷೆ ಬಾಕಿ ಇದೆ. ಒಂದು ಹಾಳೆಯನ್ನು ಮುಂದಿನ ಗ್ರಿಲ್ ಎದುರು ಹಿಡಿಯಿರಿ. ಗಾಳಿ ಅದನ್ನು ಒಳಗೆ ಎಳೆಯಬೇಕು. ನನ್ನ ಹತ್ತಿರ ಬಂದ ಒಂದು ಕಾರಿಗೆ ಥರ್ಮೋಸ್ಟಾಟ್, ವಾಟರ್ ಪಂಪ್ ಎರಡೂ ಹೊಸದಾಗಿ ಹಾಕಿದ್ದರು. ಫ್ಯಾನ್ ಜೋರಾಗೇ ತಿರುಗುತ್ತಿತ್ತು. ಹಾಳೆ ಹಿಡಿದರೆ ಹೊರಗೆ ಹಾರಿತು. ಮೋಟಾರ್ ಬದಲಿಸಿದವರು ವೈರ್ ಅದಲು ಬದಲು ಜೋಡಿಸಿದ್ದರು, ಫ್ಯಾನ್ ಉಲ್ಟಾ ತಿರುಗಿ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತಿತ್ತು. ಎರಡು ವೈರ್ ಸರಿ ಮಾಡಿದೆ, ಕೆಲಸ ಮುಗಿಯಿತು. ಅಷ್ಟು ದುಡ್ಡು ಸುಮ್ನೆ ಹೋಗಿತ್ತಲ್ವಾ?

ಗಾಳಿ ಹಾಳೆಯನ್ನು ಸ್ವಲ್ಪವೇ ಎಳೆದರೆ ದಾರಿ ಕಟ್ಟಿಕೊಂಡಿದೆ. ಎಸಿ ಕಂಡೆನ್ಸರ್ (ರೇಡಿಯೇಟರ್ ಥರವೇ ಕಾಣುವ ಎಸಿಯ ಜಾಲರಿ) ಮುಂದೆ, ರೇಡಿಯೇಟರ್ ಹಿಂದೆ. ಇವೆರಡರ ನಡುವೆ ಧೂಳು, ಹುಳ, ಒಣಹುಲ್ಲು ಸೇರಿ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಟಾರ್ಚ್ ಹಾಕಿ ಇಣುಕಬೇಕು. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ತಗಡಿನ ಫಿನ್‌ಗಳು ಮಡಚಿಕೊಂಡು ಇದ್ದ ಗಾಳಿಯೂ ಹೋಗುತ್ತದೆ. ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಕವರ್ ಮುರಿದಿದ್ದರೆ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯದೆ ಪಕ್ಕದ ಗಾಳಿಯನ್ನೇ ಎಳೆಯುತ್ತದೆ.

ಗಾಳಿ ಎಲ್ಲಾ ಸರಿ, ಆದರೂ ಬಿಸಿ. ಆಗ ಕಾರನ್ನು ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, 2000 ಆರ್‌ಪಿಎಂಗೆ ಏರಿಸಿ ಒಂದೆರಡು ನಿಮಿಷ ಹಿಡಿಯಿರಿ. ಬಿಸಿ ಇಳಿಯಲು ಶುರುವಾದರೆ ನೀರಿನ ಓಟ ಸಾಲುತ್ತಿಲ್ಲ: ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಬೆಲ್ಟ್ ಜಾರುತ್ತಿರಬಹುದು, ಒಳಗೆ ಗಾಳಿಗುಳ್ಳೆ ಸಿಕ್ಕಿರಬಹುದು. ಈ ಪರೀಕ್ಷೆ ಕರೆಂಟ್ ಫ್ಯಾನಿನ ಕಾರಿಗೆ. ಬೆಲ್ಟಿನಿಂದ ತಿರುಗುವ ಫ್ಯಾನ್ ಇರುವ ಗಾಡಿಯಲ್ಲಿ ಆರ್‌ಪಿಎಂ ಏರಿದರೆ ಫ್ಯಾನೂ ಜೋರಾಗುತ್ತದೆ, ಹಾಗಾಗಿ ಏನೂ ತೀರ್ಮಾನ ಆಗುವುದಿಲ್ಲ. ಅಂಥ ಗಾಡಿಯಲ್ಲಿ ಬಿಸಿ ಇಂಜಿನ್ ಆಫ್ ಮಾಡಿ ಫ್ಯಾನನ್ನು ಕೈಯಲ್ಲಿ ತಿರುಗಿಸಿ. ತಡೆ ಇಲ್ಲದೆ ಸಲೀಸಾಗಿ ತಿರುಗಿದರೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಬಿಗಿ ಹಿಡಿಯುವ ಜೋಡಣೆ) ಹೋಗಿದೆ.

ಕ್ಯಾಪನ್ನೂ ಕಡೆಗಣಿಸಬೇಡಿ. 1 ಬಾರ್ ಒತ್ತಡ ಹಿಡಿದರೆ ಬರೀ ನೀರು ಕೂಡ 120 ಡಿಗ್ರಿ ತನಕ ಕುದಿಯುವುದಿಲ್ಲ. ರಬ್ಬರ್ ಸೀಲ್ ಒಡೆದ ಕ್ಯಾಪ್ ಒತ್ತಡ ಹಿಡಿಯುವುದಿಲ್ಲ, ಬೇಗ ಕುದಿದು ಡಬ್ಬಿಯಿಂದ ಉಕ್ಕುತ್ತದೆ. ಹೊಸದು ಹಾಕುವಾಗ ಹಳೆಯದರ ಮೇಲಿನ ಬಾರ್ ನಂಬರೇ ಇರಲಿ.

ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ, ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಹೋಗಿರುವುದು ಇರಬಹುದು. ಕಾರನ್ನು ಓಡಿಸದೆ ಎಳೆಸಿಕೊಂಡು ಗ್ಯಾರೇಜಿಗೆ ಹೋಗಿ.

ರಿಪೇರಿ ಆದ ಮೇಲೆ ಕಾರು ನಿಂತಲ್ಲೇ ಇಂಜಿನ್ ಓಡಿಸಿ, ಫ್ಯಾನ್ ಎರಡು ಮೂರು ಸಲ ಬಂದು ನಿಲ್ಲುವ ತನಕ ನೋಡಿ. ನಂತರ ಎಸಿ ಹಾಕಿ ಇನ್ನೊಂದು ಹತ್ತು ನಿಮಿಷ. ಮಾರನೇ ದಿನ ಇಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ಮತ್ತೆ ನೋಡಿ. ಒಳಗೆ ಉಳಿದ ಗಾಳಿ ಹೊರಬಿದ್ದು ಸ್ವಲ್ಪ ಇಳಿದಿರುತ್ತದೆ, ಅಷ್ಟನ್ನು ತುಂಬಿಸಿ.