ಬೆಳ್ಳಕ್ಕಿಗೆ ದನವೇ ಬೇಕೋ, ಟಿಲ್ಲರ್ ಸಾಕೋ?

ಒಂದು ಜಾತಿಯ ಜೀವಿ ಇನ್ನೊಂದಕ್ಕೆ ಉಪಕಾರ ಮಾಡುತ್ತದೆಯೇ ಎಂದು ನೋಡಲು ಘಟ್ಟ ಹತ್ತಬೇಕಿಲ್ಲ. ಏಣೆಲು (ಮಳೆಗಾಲದ ಭತ್ತದ ಬೆಳೆ) ಉಳುಮೆ ಶುರುವಾದ ಮೇಲೆ ಉಡುಪಿ ಕಡೆಯ ಯಾವ ಬೈಲಿನಲ್ಲಾದರೂ ಹುಣಿಯ (ಗದ್ದೆಯ ಬದು) ಮೇಲೆ ನಿಂತರೆ ಸಾಕು. ಕೈಯಲ್ಲಿ ನೋಟ್‌ಬುಕ್, ಗಡಿಯಾರ, ಸಾಧ್ಯವಾದರೆ 8×42 ಬೈನಾಕ್ಯುಲರ್ ಇರಲಿ.

ಮೊದಲು ಹಕ್ಕಿ ಸರಿಯಾಗಿ ಗುರುತಿಸಿ. ನಮಗೆ ಬೇಕಾದ ಬೆಳ್ಳಕ್ಕಿ ದನದ ಹಿಂದೆ ನಡೆಯುವ ಗೋವಕ್ಕಿ, ಅದರ ಕೊಕ್ಕು ಹಳದಿ. ಮಳೆಗಾಲದಲ್ಲಿ ತಲೆ, ಕುತ್ತಿಗೆಗೆ ಕಿತ್ತಳೆ ಬಣ್ಣ ಬಂದಿರುತ್ತದೆ. ಕೊಕ್ಕು ಕಪ್ಪು, ಕಾಲ್ಬೆರಳು ಹಳದಿ ಇದ್ದರೆ ಅದು ಸಣ್ಣ ಬೆಳ್ಳಕ್ಕಿ, ನೀರಲ್ಲಿ ಮೀನು ಹಿಡಿಯುವ ಗಿರಾಕಿ. ಅದನ್ನೂ ಸೇರಿಸಿದರೆ ಲೆಕ್ಕ ಕೆಟ್ಟಿತು.

ಒಂದು ಹಕ್ಕಿಯನ್ನು 1 ನಿಮಿಷ ಕಣ್ಣು ಕೀಳದೆ ನೋಡಿ. ಎಷ್ಟು ಹೆಜ್ಜೆ ಇಟ್ಟಿತು, ಎಷ್ಟು ಸಲ ಕೊಕ್ಕು ಹಾಕಿತು, ಎಷ್ಟು ಸಲ ನುಂಗಿತು ಎಂದು ಬರೆಯಿರಿ. ಹೀಗೆ ಮೇಯುವ ದನದ ಪಕ್ಕ 10, ಟಿಲ್ಲರ್ ಹಿಂದೆ 10, ಒಂಟಿಯಾಗಿ ಹುಡುಕುವ 10. ಒಂಟಿ ಹಕ್ಕಿಗಳಲ್ಲಿ 5 ಹುಲ್ಲಿನಲ್ಲಿ, 5 ಉತ್ತ ಗದ್ದೆಯಲ್ಲಿ ಇರಲಿ. ಇಲ್ಲದಿದ್ದರೆ ವ್ಯತ್ಯಾಸ ಜೊತೆಗಾರನಿಂದ ಬಂತೋ ನೆಲದಿಂದ ಬಂತೋ ಗೊತ್ತಾಗದು. ಎಲ್ಲವೂ ಬೆಳಿಗ್ಗೆ 7ರಿಂದ 9ರೊಳಗೆ ಮುಗಿಯಲಿ. ಮಳೆ ಜೋರಾದರೆ ನಿಲ್ಲಿಸಿ.

ದನದ ಕಾಲಿಗೆ ಹೆದರಿ ಮಿಡತೆ ಹಾರುತ್ತದೆ, ಟಿಲ್ಲರ್ ಮಣ್ಣು ಮಗುಚಿದಾಗ ಹುಳ ಮೇಲೆ ಬರುತ್ತದೆ. ಎರಡೂ ಕಡೆ ಬೆಳ್ಳಕ್ಕಿಗೆ ಕಡಿಮೆ ಹೆಜ್ಜೆಗೆ ಹೆಚ್ಚು ತುತ್ತು. ಹೊಗೆ ಕಾರುವ ಯಂತ್ರದ ಮೇಲೆ ಅದಕ್ಕೆ ಮಮಕಾರ ಇದೆ ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ ದನದ ಮೇಲೆ ಇದೆ ಎನ್ನಲು ಬೇರೆ ಪುರಾವೆ ಬೇಕು.

ಬೇರೆ ಯಾವ ಘಟನೆ ಕಂಡರೂ ಮೂರು ಕಾಲಂ ಹಾಕಿ: ನಷ್ಟ ಯಾರಿಗೆ, ಲಾಭ ಯಾರಿಗೆ, ನಷ್ಟ ಆದದ್ದು ಮೋಸ ಹೋಗಿದೆಯೇ. ಕಾಗೆ ಕೋಗಿಲೆ ಮರಿಗೆ ತುತ್ತು ಕೊಡುವಾಗ ನಷ್ಟ ಕಾಗೆಗೆ, ಲಾಭ ಕೋಗಿಲೆಗೆ. ಇಲ್ಲಿಗೇ ನಿಲ್ಲಿಸಿದವರು ಅದನ್ನು ದೊಡ್ಡ ತ್ಯಾಗ ಎನ್ನುತ್ತಾರೆ. ಮೂರನೇ ಕಾಲಂ ತುಂಬಿದರೆ ಕಥೆಯೇ ಬೇರೆ: ಕಾಗೆ ಅದನ್ನು ತನ್ನ ಮರಿಯೆಂದೇ ಸಾಕುತ್ತಿದೆ.

ಈ ಕಾಲಂಗಳಿಗೆ ಸುಲಭಕ್ಕೆ ಬಗ್ಗದ್ದು ಹಂಪ್‌ಬ್ಯಾಕ್ ತಿಮಿಂಗಿಲ. 1951ರಿಂದ 2012ರವರೆಗೆ ಹಂಪ್‌ಬ್ಯಾಕ್ ಮತ್ತು ಓರ್ಕಾ (ಬೇಟೆಗಾರ ‘ಕಿಲ್ಲರ್ ವೇಲ್’) ಎದುರುಬದುರಾದ 115 ಪ್ರಕರಣಗಳನ್ನು ವಿಜ್ಞಾನಿಗಳು ಒಟ್ಟುಮಾಡಿದ್ದಾರೆ. ಹಲವು ಕಡೆ ಓರ್ಕಾ ಹಿಡಿದದ್ದು ಸೀಲ್‌ನಂಥ ಬೇರೆ ಪ್ರಾಣಿಯನ್ನಾದರೂ ಹಂಪ್‌ಬ್ಯಾಕ್ ನಡುವೆ ನುಗ್ಗಿದೆ. ಓರ್ಕಾ ಹಂಪ್‌ಬ್ಯಾಕ್ ಮರಿಗಳನ್ನೂ ತಿನ್ನುತ್ತದೆ. ಬೇಟೆಯ ಸದ್ದು ಕೇಳಿ ಓಡಿಬರುವಾಗ ಸಿಕ್ಕಿಬಿದ್ದದ್ದು ಯಾರೆಂದು ಹಂಪ್‌ಬ್ಯಾಕ್‌ಗೆ ಗೊತ್ತಿರಲಿಕ್ಕಿಲ್ಲ ಎಂಬುದು ಒಂದು ವಿವರಣೆ. ಎಲ್ಲರೂ ಒಪ್ಪಿದ ತೀರ್ಮಾನ ಇನ್ನೂ ಇಲ್ಲ.

ಒಂದು ಪ್ರಾಣಿ ಇನ್ನೊಂದನ್ನು ಕಾಪಾಡಿತು ಎಂದು ಫೋನಿಗೆ ಬರುವ ಕ್ಲಿಪ್ ಬಿಡಿ, ಹಿಂದುಮುಂದಿನದ್ದು ಅದರಲ್ಲಿ ಇರುವುದಿಲ್ಲ. ಅದಕ್ಕಿಂತ ತೋಟದ ಕಾಜಾಣ ನೋಡಿ. ಅದು ಕಾಗೆಯನ್ನು ಅಟ್ಟುವುದರಿಂದ ಅದೇ ಮರದ ಬೇರೆ ಹಕ್ಕಿಗಳ ಗೂಡೂ ಉಳಿಯುತ್ತದೆ. ಸ್ವಂತ ಗೂಡಿದ್ದಾಗ ಅಟ್ಟಿದ್ದು ಉಪಕಾರವಲ್ಲ. ಅದರ ಮರಿಗಳು ಹಾರಿಹೋದ ಮೇಲೂ ಪಕ್ಕದ ಗೂಡಿಗೆ ಬಂದ ಕಾಗೆಯ ಮೇಲೆ ಎರಗುತ್ತದೆಯೇ ಎಂದು ಗಮನಿಸಿ, ಆದರೆ 30 ಮೀಟರ್ ದೂರದಿಂದ. ಹತ್ತಿರ ಹೋದರೆ ಕಾಗೆ ನಿಮ್ಮನ್ನೇ ನೋಡಿಕೊಂಡು ಗೂಡು ಪತ್ತೆ ಮಾಡಬಹುದು.