ಆಲೆಮನೆಯ ಸುದ್ದಿಯನ್ನು ಬರೆಯುವುದು ಹೇಗೆ?

ಆಲೆಮನೆ ಅಂದರೆ ಕೊಪ್ಪರಿಗೆ, ಬೆಲ್ಲದ ಪಾಕದ ವಾಸನೆ, ಒಣಗಿದ ಕಬ್ಬಿನ ಸಿಪ್ಪೆ ನೆನಪಾಗುತ್ತಿತ್ತು. 2023ರ ನವೆಂಬರ್ ಆದಮೇಲೆ ಮಂಡ್ಯದ ಕಡೆಯವರಿಗೆ ಇನ್ನೊಂದೂ ನೆನಪಾಗುತ್ತದೆ. ಇಲ್ಲಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟುಕೊಂಡು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕದ್ದು ನೋಡಿ ಹೇಳುತ್ತಿದ್ದರು ಎಂದು ಪೊಲೀಸರು ಹೇಳಿದ್ದು ಆಗಲೇ.

ಅಲ್ಲಿಂದ ಇದರ ಬಗ್ಗೆ ಬರೆಯುವವರು ಜಾಸ್ತಿಯಾದರು. ಕಾಲೇಜು ಹುಡುಗಿಯರು, ಮೇಷ್ಟ್ರುಗಳು, ಸಂಘದವರು. ತಿದ್ದಿಕೊಡಿ ಎಂದು ನನಗೂ ಕಳಿಸುತ್ತಾರೆ. ಮುಕ್ಕಾಲು ಪಾಲು ‘ಇದು ಮಾನವ ಹಕ್ಕುಗಳ ಉಲ್ಲಂಘನೆ’ ಎಂದೇ ಶುರುವಾಗುತ್ತವೆ. ಓದುಗ ಅಲ್ಲಿಗೇ ಪುಟ ತಿರುಗಿಸುತ್ತಾನೆ.

ಮೊದಲು ‘ಹಕ್ಕು’ ಅನ್ನುವ ಪದವನ್ನು ಪಕ್ಕಕ್ಕಿಡಿ. ಯಾರು, ಯಾವ ಕೌಂಟರ್ ಮುಂದೆ ನಿಂತು, ಏನು ಕೇಳಬಹುದು ಅನ್ನುವುದನ್ನು ಬರೆಯಿರಿ. ತಾಯಿ ಕಾರ್ಡ್ ಹಿಡಿದು ಸ್ಕ್ಯಾನಿಂಗಿಗೆ ಕೂತ ಹೆಂಗಸು, ಪಕ್ಕದಲ್ಲಿ ಅತ್ತೆ. ‘ಏನಂತೆ ಡಾಕ್ಟ್ರೇ?’ ಎಂದು ಅತ್ತೆ ಕೇಳಿದರೆ ಡಾಕ್ಟರು ಮಗು ಚೆನ್ನಾಗಿದೆ ಅನ್ನಬಹುದು. ಗಂಡು, ಹೆಣ್ಣು ಅನ್ನುವ ಹಾಗಿಲ್ಲ. ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಸನ್ನೆ ಮಾಡಿ ತಿಳಿಸುವುದನ್ನೂ ಲಿಂಗ ಪತ್ತೆ ನಿಷೇಧದ 1994ರ ಕಾಯ್ದೆ ತಡೆಯುತ್ತದೆ. ಇಷ್ಟು ಬರೆದರೆ ಕಾನೂನು ಯಾಕೆ ಬೇಕು ಅನ್ನುವುದು ಓದುಗನಿಗೆ ತಾನಾಗಿ ತಿಳಿಯುತ್ತದೆ.

ಎರಡನೆಯದು ಪದಗಳ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಪತ್ರಿಕೆಗಳಲ್ಲಿ ‘ಭ್ರೂಣ ಹತ್ಯೆ’ ಎಂದು ಬರೆದು ನಮಗೆ ಅಭ್ಯಾಸವಾಗಿಬಿಟ್ಟಿದೆ. ನಾನೂ ವರ್ಷಗಟ್ಟಲೆ ಬರೆದಿದ್ದೇನೆ, ಈಗ ಬಿಟ್ಟಿದ್ದೇನೆ. ಯಾಕೆಂದರೆ ಗರ್ಭಪಾತವೇ ಅಪರಾಧ ಅಲ್ಲ. ಗರ್ಭಪಾತದ 1971ರ ಕಾಯ್ದೆ, ಅದರ 2021ರ ತಿದ್ದುಪಡಿಯ ಪ್ರಕಾರ, ಕಾನೂನು ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದವಳಾದರೆ ಅವಳ ಒಪ್ಪಿಗೆಯಷ್ಟೇ ಬೇಕು, ಗಂಡನ ಸಹಿ ಬೇಕಿಲ್ಲ. ‘ಹತ್ಯೆ, ಹತ್ಯೆ’ ಎಂದು ದಪ್ಪಕ್ಷರದಲ್ಲಿ ಓದಿದವಳು ಆಸ್ಪತ್ರೆಗೆ ಹೋಗಲು ಹೆದರಿ, ಕದ್ದು ಮಾಡುವವರ ಹತ್ತಿರವೇ ಹೋದರೆ? ಅಪರಾಧ ಇರುವುದು ಲಿಂಗ ಪತ್ತೆಯಲ್ಲಿ, ಹೆಣ್ಣು ಎಂದು ಗೊತ್ತಾಗಿ ತೆಗೆಸುವುದರಲ್ಲಿ. ಹಾಗೆಯೇ ಬಿಡಿಸಿ ಬರೆಯಿರಿ. ‘ಪಾಪಿ ತಾಯಿ’ ಅನ್ನುವ ತಲೆಬರಹವಂತೂ ಬೇಡವೇ ಬೇಡ. ಬೇರೆ ಸಾಕ್ಷ್ಯ ಸಿಗದ ಹೊರತು, ಗಂಡನೋ ಮನೆಯವರೋ ಅವಳನ್ನು ಬಲವಂತ ಮಾಡಿದ್ದಾರೆ ಎಂದೇ ಕಾನೂನು ಭಾವಿಸುತ್ತದೆ. ಕಾನೂನಿಗಿರುವ ಕರುಣೆ ತಲೆಬರಹ ಕೊಡುವವರಿಗೂ ಇರಲಿ, ಅಲ್ವಾ?

ಲೆಕ್ಕ ಕೊಡುವಾಗ ಯಾವ ಲೆಕ್ಕ ಎಂದು ಹೇಳಿ. 2011ರ ಜನಗಣತಿಯಲ್ಲಿ ಕರ್ನಾಟಕದ ಲಿಂಗಾನುಪಾತ ಸಾವಿರ ಗಂಡಸರಿಗೆ 973 ಹೆಂಗಸರು. ಆರು ವರ್ಷದವರೆಗಿನ ಮಕ್ಕಳನ್ನಷ್ಟೇ ಎಣಿಸಿದರೆ 948. ನಮ್ಮ ವಿಷಯಕ್ಕೆ ಬೇಕಾದದ್ದು ಎರಡನೆಯದು.

ಇನ್ನು ಗುರುತು ಮುಚ್ಚುವುದು. ನಾನು ಎಡವಿದ್ದು ಇಲ್ಲೇ. ಒಬ್ಬಾಕೆಯ ಕಥೆ ಬರೆದಿದ್ದೆ. ಹೆಸರು ಹಾಕಿರಲಿಲ್ಲ, ಊರನ್ನೂ ಹೇಳಿರಲಿಲ್ಲ. ಆದರೆ ಇಬ್ಬರು ಹೆಣ್ಣುಮಕ್ಕಳು, ಜಗಲಿಯ ಮೇಲೆ ಹೊಲಿಗೆ ಮಿಷನ್, ಎದುರಿಗೆ ಹಾಲಿನ ಡೇರಿ ಎಂದು ಚೆಂದ ಕಾಣಲಿ ಅಂತ ಸೇರಿಸಿದ್ದೆ. ಮಾರನೇ ದಿನ ಆಕೆಯ ಫೋನು. ‘ಹೆಸ್ರು ಹಾಕ್ದೇ ಇದ್ರೇನ್ ಬಂತು ಸಾರ್, ಬೆಳಗ್ಗೆ ಹಾಲು ಹಾಕೋಕ್ ಬಂದೋರೆಲ್ಲ ಓದವ್ರೆ.’ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಆಕೆ ನನ್ನ ಜೊತೆ ಮಾತಾಡಲಿಲ್ಲ. ಈಗ ಬರೆದಾದ ಮೇಲೆ, ಆ ಊರಿನ ಡೇರಿ ಕ್ಯೂನಲ್ಲಿ ನಿಂತವರು ಓದಿದರೆ ಯಾರೆಂದು ಹೇಳಿಬಿಡುತ್ತಾರಾ ಎಂದು ಒಂದೊಂದು ಸಾಲನ್ನೂ ನೋಡುತ್ತೇನೆ. ಹೇಳುತ್ತಾರೆ ಅನ್ನಿಸಿದರೆ, ಎಷ್ಟೇ ಚೆಂದದ ಸಾಲಾಗಿದ್ದರೂ ಹೊಡೆದುಹಾಕುತ್ತೇನೆ. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ವೈದ್ಯರು ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು. ಬರೆಯುವ ನಮಗೂ ಅದೇ ಅಳತೆ ಇರಬೇಕು.

ಕಚೇರಿಯಿಂದ ಮಾಹಿತಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ‘ಏನು ಕ್ರಮ ಕೈಗೊಂಡಿದ್ದೀರಿ?’ ಎಂದು ಕೇಳಿದರೆ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗಿದೆ’ ಎಂದು ಬರುತ್ತದೆ, ಸುಮ್ನೆ ಹತ್ತು ರೂಪಾಯಿ ದಂಡ. ಕಳೆದ ವರ್ಷ ತಾಲ್ಲೂಕಿನ ಯಾವ್ಯಾವ ಸ್ಕ್ಯಾನಿಂಗ್ ಸೆಂಟರ್‌ಗಳನ್ನು, ಯಾವ ದಿನ ತಪಾಸಣೆ ಮಾಡಿದಿರಿ, ವರದಿಯ ಪ್ರತಿ ಕೊಡಿ ಎಂದು ಕೇಳಿ.

ಎಲ್ಲ ಮುಗಿದ ಮೇಲೆ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ನಾನು ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಓದುತ್ತೇನೆ. ಹೋದ ಸಲ ಪೂರ್ತಿ ಕೇಳಿ, ‘ಎಲ್ಲ ಸರಿ ಅಣ್ಣ, ದೂರು ಕೊಟ್ಟೂ ಅವ್ರು ಸುಮ್ನಿದ್ರೆ ಏನ್ ಮಾಡ್ಬೇಕು ಅಂತ ಬರ್ದೇ ಇಲ್ವಲ್ಲ’ ಅಂದರು. ವಾಪಸ್ ಕೂತು ಎರಡು ಸಾಲು ಸೇರಿಸಿದೆ. ಲಿಂಗ ಪತ್ತೆ ನಿಷೇಧದ ಕಾಯ್ದೆಯಡಿ ನೇಮಿಸಿದ ಅಧಿಕಾರಿಗೆ ಯಾರು ಬೇಕಾದರೂ ದೂರಿನ ನೋಟಿಸ್ ಕೊಡಬಹುದು. ಕನಿಷ್ಠ 15 ದಿನ ಕಾದು, ತಾವೇ ನೇರವಾಗಿ ಕೋರ್ಟಿಗೆ ಹೋಗಬಹುದು.