‘ಆರಾಮ ಇದ್ದೀರೇನು’ ಅಂತ ಕೇಳುವುದನ್ನು ಬಿಟ್ಟೆವು

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯವರೊಬ್ಬರದು. ಅದು 2020ರ ಮಾರ್ಚ್. ತೀರಿಕೊಂಡವರು ವಯಸ್ಸಾದವರು. ಆ ಸುದ್ದಿ ಬಂದ ಮೇಲೆ ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಎರಡು ಥರದ ಭಯ ಶುರುವಾಯಿತು. ಹಿರಿಯರಿಗೆ ಏನಾಗುತ್ತದೋ ಎಂಬುದು ಒಂದು. ಅವರ ಹತ್ತಿರ ಹೋದರೆ ನಮ್ಮಿಂದಲೇ ರೋಗ ತಗುಲಿಬಿಟ್ಟರೆ ಎಂಬುದು ಇನ್ನೊಂದು. 65 ದಾಟಿದವರು ಮನೆಯಲ್ಲೇ ಇರಬೇಕು ಎಂದು ಸರ್ಕಾರ ಹೇಳಿತು. ಅದು ಸರಿಯೇ. ಆದರೆ ಮನೆಯೊಳಗೆ ಕೂತವರನ್ನು ನೋಡುವವರು ಯಾರು?

ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಮಹಾರಾಷ್ಟ್ರದ ಗಡಿ ಹತ್ತಿರ. ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಸೊಲ್ಲಾಪುರಕ್ಕೆ ಹೋಗಿರುತ್ತಾರೆ. ಊರಲ್ಲಿ ಮುತ್ಯಾ, ಆಯಿ, ಅವರ ಜೊತೆ ಒಂದೆರಡು ಮೊಮ್ಮಕ್ಕಳು. ಲಾಕ್‌ಡೌನ್ ಆದಾಗ ಮಕ್ಕಳು ಅಲ್ಲೇ ಸಿಕ್ಕಿಬಿದ್ದರು, ಹಿರಿಯರು ಇಲ್ಲೇ ಉಳಿದರು.

ನಾನು ಊರಿನ ಸ್ತ್ರೀಶಕ್ತಿ ಸಂಘವೊಂದನ್ನು ನಡೆಸುತ್ತೇನೆ. ವಾರದ ಉಳಿತಾಯ, ಸಾಲ, ಸಭೆ, ಇಷ್ಟೇ ನಮ್ಮ ಕೆಲಸವಾಗಿತ್ತು. ಆಗ ನಮ್ಮ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆ, ಪಂಚಾಯಿತಿಯ ಒಬ್ಬಿಬ್ಬರು ಸೇರಿ ಓಣಿ ಓಣಿಯ ಪಟ್ಟಿ ಮಾಡಿದೆವು. ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಒಬ್ಬರೇ ಇದ್ದಾರೋ, ಯಾವ ಗುಳಿಗೆ ತಗೊಳ್ಳುತ್ತಾರೆ, ಮಕ್ಕಳ ಫೋನ್ ನಂಬರ್ ಏನು, ಎಲ್ಲ ಬರೆದೆವು. ಪ್ರತಿ ಹಿರಿಯರಿಗೂ ಒಬ್ಬರನ್ನು ನೇಮಿಸಿದೆವು. ದಿನಾ ಅವರೇ ಹೋಗಬೇಕು, ಬೇರೆಯವರಲ್ಲ. ಇದರ ಮೇಲೆ ನಾನು ಹಟ ಹಿಡಿದೆ. ದಿನಕ್ಕೊಬ್ಬರು ಬಂದು ಹೋದರೆ ನಿನ್ನೆಗಿಂತ ಇವತ್ತು ಮುಖ ಬಾಡಿದೆ ಎಂದು ಯಾರಿಗೆ ಗೊತ್ತಾಗುತ್ತದೆ? ಒಳಗೆ ಹೋಗುವಂತಿಲ್ಲ. ಮಾಸ್ಕ್ ಹಾಕಿಕೊಂಡು ಹೊಸ್ತಿಲಾಚೆ ನಿಂತೇ ಮಾತು.

ಮೊದಲ ವಾರದಲ್ಲೇ ಒಂದು ವಿಷಯ ತಿಳಿಯಿತು. ‘ಆರಾಮ ಇದ್ದೀರೇನು?’ ಎಂದು ಕೇಳಿದರೆ ಎಲ್ಲರೂ ‘ಆರಾಮ ಇದ್ದೀನವ್ವಾ’ ಅನ್ನುತ್ತಾರೆ. ಜ್ವರ ಇದ್ದರೂ ಹಾಗೇ ಅನ್ನುತ್ತಾರೆ, ಮನೆಯಲ್ಲಿ ಹಿಟ್ಟು ಮುಗಿದಿದ್ದರೂ ಹಾಗೇ. ಹೇಳಿದರೆ ಯಾರಿಗೋ ತ್ರಾಸು ಅಂತ. ಆಸ್ಪತ್ರೆಗೆ ಒಯ್ದುಬಿಡುತ್ತಾರೆ ಎಂಬ ಅಂಜಿಕೆಯೂ ಇತ್ತು. ಅದಕ್ಕೆ ಆ ಪ್ರಶ್ನೆಯನ್ನೇ ಬಿಟ್ಟೆವು. ‘ಆಯಿ, ಮಧ್ಯಾಹ್ನ ಏನು ಉಂಡಿ? ಎಷ್ಟು ರೊಟ್ಟಿ? ಮುಂಜಾನೆಯಿಂದ ಎಷ್ಟು ತಂಬಿಗೆ ನೀರು ಕುಡಿದಿ? ರಾತ್ರಿ ನಿದ್ದೆ ಬಂತೇನು?’ ಎಂದು ಕೇಳಲು ಶುರು ಮಾಡಿದೆವು. ಇದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ. ಎರಡು ರೊಟ್ಟಿ ಉಣ್ಣುವವರು ಅರ್ಧ ಅಂದರೆ ಅಲ್ಲೇ ಏನೋ ಇದೆ.

ಈ ಪ್ರಶ್ನೆಗಳು ಕೋವಿಡ್‌ಗೂ ಬೇಕಾಗಿದ್ದವು. ವಯಸ್ಸಾದವರಿಗೆ ಈ ರೋಗ ಬಂದಾಗ ಜ್ವರ, ಕೆಮ್ಮು ಬಂದೇ ಬರುತ್ತವೆ ಎಂದಿಲ್ಲ. ಸುಸ್ತು, ಊಟ ಸೇರದಿರುವುದು, ಏನೇನೋ ಮಾತಾಡುವುದು, ಕೆಲವರಲ್ಲಿ ಇಷ್ಟೇ ಕಾಣುತ್ತದೆ. ಎರಡನೇ ಅಲೆಯಲ್ಲಿ ನಮ್ಮ ಓಣಿಯ ಒಬ್ಬ ಆಯಿ ರೊಟ್ಟಿ ಮುಟ್ಟಲಿಲ್ಲ. ಮೈ ಬಿಸಿ ಇರಲಿಲ್ಲ. ತೀರಿಕೊಂಡು ವರ್ಷಗಳಾದ ಗಂಡ ಹೊಲದಿಂದ ಬರುವ ಹೊತ್ತಾಯಿತು ಎಂದು ಮಾತಾಡುತ್ತಿದ್ದರು. ಮನೆಯವರು ವಯಸ್ಸಿಗೆ ಹೀಗೇ ಎಂದುಕೊಂಡಿದ್ದರು. ಅವರನ್ನು ದಿನಾ ನೋಡುತ್ತಿದ್ದ ಹುಡುಗಿಗೆ ಮಾತ್ರ ಅನುಮಾನ ಬಂತು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 88. 94ಕ್ಕಿಂತ ಕೆಳಗೆ ಬಂದರೆ ಕಾಯಬಾರದು ಎಂದು ನಮಗೆ ಹೇಳಿಕೊಟ್ಟಿದ್ದರು. 108ಕ್ಕೆ ಫೋನ್ ಮಾಡಿದೆವು. ಗಾಡಿ ಬರುವ ತನಕ ಬೋರಲು ಮಲಗಿಸಿದೆವು. ಕಲಬುರಗಿಯಲ್ಲಿ ಆಕ್ಸಿಜನ್ ಸಿಕ್ಕಿತು, ಆಯಿ ಬದುಕಿ ಬಂದರು. ಎಲ್ಲರೂ ಹಾಗೆ ಬರಲಿಲ್ಲ. ಕೆಲವರ ಹೆಸರನ್ನು ಪಟ್ಟಿಯಿಂದ ನಾನೇ ಕೈಯಾರೆ ಹೊಡೆದು ಹಾಕಬೇಕಾಯಿತು. ಅವರ ಮುಖ ನೋಡಲು ಮನೆಯವರಿಗೂ ಆಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಆಕ್ಸಿಮೀಟರ್ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ಹೆಣ್ಣುಮಕ್ಕಳ ಉಗುರಿಗೆ ಮೆಹಂದಿ ಇರುತ್ತದೆ. ಅದರ ಮೇಲೆ ಹಾಕಿದರೆ ಅಂಕಿ ತಪ್ಪಾಗಿ ತೋರಿಸಬಹುದು. ಕೈ ತಣ್ಣಗಿದ್ದರೂ ಅಷ್ಟೇ. ಬಣ್ಣ ಇಲ್ಲದ ಬೆರಳು ಹುಡುಕಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಒಂದೇ ಕಡೆ ನಿಲ್ಲುವ ತನಕ ಕಾಯಬೇಕು.

ನಮ್ಮ ಹೊತ್ತು ಜಾಸ್ತಿ ಹೋಗಿದ್ದು ಬಿಪಿ, ಶುಗರ್ ಗುಳಿಗೆಗೆ. ಬಸ್ಸು ನಿಂತಿತು, ಆಳಂದಕ್ಕೆ ಹೋಗುವುದು ನಿಂತಿತು. ಹಿರಿಯರು ಏನು ಮಾಡಿದರು ಗೊತ್ತೇ? ಇರುವ ಗುಳಿಗೆ ಬಹಳ ದಿನ ಬರಲಿ ಎಂದು ದಿನ ಬಿಟ್ಟು ದಿನ ನುಂಗಲು ಶುರು ಮಾಡಿದರು. ಯಾರಿಗೂ ಹೇಳಲಿಲ್ಲ. ಎಣಿಸಿ ನೋಡಿದಾಗ ಲೆಕ್ಕ ಸಿಗದೆ ಇದು ಗೊತ್ತಾಯಿತು. ಆಮೇಲೆ ಗುಳಿಗೆಯ ಖಾಲಿ ಪಟ್ಟಿ ಎಸೆಯಬೇಡಿ ಎಂದು ಹೇಳಿದೆವು. ಅದರ ಫೋಟೊ ತೆಗೆದು ಮೆಡಿಕಲ್ ಅಂಗಡಿಗೆ ವಾಟ್ಸಾಪ್ ಮಾಡುವುದು, ಓಡಾಟದ ಪಾಸ್ ಇರುವ ಒಬ್ಬರು ಹೋಗಿ ಎಲ್ಲರದ್ದೂ ತರುವುದು. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವುದನ್ನು ಆಶಾ ಅಕ್ಕ ತರುತ್ತಿದ್ದಳು. ಬಣ್ಣ ಒಂದೇ ಇದ್ದರೆ ಗುಳಿಗೆಯೂ ಒಂದೇ ಎಂದು ಹಿರಿಯರು ತಿಳಿಯುತ್ತಾರೆ. ಹೆಸರು ಓದಲು ಬಾರದವರೇ ಹೆಚ್ಚು. ಮಾಸ್ಕ್ ಹೊಲಿದು ಉಳಿದ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದೆವು. ಬಿಳಿ ಚೀಲ ಮುಂಜಾನೆಯದು, ಕರಿ ಚೀಲ ರಾತ್ರಿಯದು. ಇಷ್ಟು ಸಣ್ಣ ಕೆಲಸದಿಂದ ಎಷ್ಟೋ ಗೊಂದಲ ತಪ್ಪಿತು.

ಪಗಾರದ ದಿನ, ಅಂದರೆ ಹಿರಿಯರ ಪಿಂಚಣಿ ಬರುವ ದಿನ, ಬೇರೆಯೇ ಕೆಲಸ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಗ ತಿಂಗಳಿಗೆ 1,000 ರೂಪಾಯಿ ಬರುತ್ತಿತ್ತು. ಅದಕ್ಕಾಗಿ ಬಿಸಿಲಲ್ಲಿ ಬ್ಯಾಂಕಿನ ಮುಂದೆ ಸಾಲು ನಿಲ್ಲಬಾರದಲ್ವಾ? ಅಂಚೆಯವರು ಮನೆಗೇ ಯಂತ್ರ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ವ್ಯವಸ್ಥೆ ಇತ್ತು. ಆದರೆ ಜೀವನಪೂರ್ತಿ ಹೊಲದಲ್ಲಿ ಕಸ ತೆಗೆದ, ರಾಶಿ ಮಾಡಿದ ಬೆರಳುಗಳು. ಗೆರೆ ಸವೆದಿರುತ್ತವೆ, ಯಂತ್ರ ಹಿಡಿಯುವುದಿಲ್ಲ. ಬೆಚ್ಚಗಿನ ನೀರಲ್ಲಿ ಕೈ ತೊಳೆಸಿ, ಒರೆಸಿ, ಹೆಬ್ಬೆರಳು ಬಿಟ್ಟು ಬೇರೆ ಬೆರಳು ಒತ್ತಿಸಿದರೆ ಬಹಳ ಸಲ ಆಗುತ್ತಿತ್ತು.

ಒಂಟಿತನಕ್ಕೆ ಮದ್ದು ಕಷ್ಟ. ಅಗಸಿ ಕಟ್ಟೆಯಲ್ಲಿ ಕೂತು ದಿನ ಕಳೆಯುವವರಿಗೆ ಆ ಕಟ್ಟೆಯೇ ಇಲ್ಲವಾಯಿತು. ಸಂಜೆ ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡಿಸುತ್ತಿದ್ದೆವು. ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗಿದ್ದು ಹಿರಿಯರಿಗೇ ಕೆಲಸ ಒಪ್ಪಿಸಿದ್ದು. ತತ್ವಪದ ಹಾಡುವ ಒಬ್ಬ ಮುತ್ಯಾ ರಾತ್ರಿ ಊಟದ ನಂತರ ತಮ್ಮ ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಿದ್ದರು. ಮೊದಲು ಒಂದು ಪದ ಹಾಡು, ಆಮೇಲೆ ಕ್ಷೇಮ ಸಮಾಚಾರ. ನಮಗೆ ಹೇಳದ ಮಾತನ್ನು ಅವರಿಗೆ ಹೇಳುತ್ತಿದ್ದರು. ಯಾರ ಮನೆಯಲ್ಲಿ ಸೊಸೆ ಊಟ ಬಡಿಸುವುದು ತಡ ಮಾಡುತ್ತಾಳೆ, ಯಾರಿಗೆ ಎದೆ ಹಿಡಿದಂತಾಗುತ್ತದೆ, ಇಂಥದ್ದೆಲ್ಲ ಅವರಿಂದಲೇ ನಮಗೆ ತಿಳಿಯುತ್ತಿತ್ತು.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಸೂಜಿ ಹಾಕಿಸಿಕೊಂಡರೆ ಸಾಯುತ್ತಾರೆ ಎಂಬ ಮಾತು ಲಸಿಕೆಗಿಂತ ಮೊದಲೇ ಊರಿಗೆ ಬಂದಿತ್ತು. ನಾವು ವಾದ ಮಾಡಲಿಲ್ಲ. ಅವರ ನಿಜವಾದ ಚಿಂತೆ ಬೇರೆ ಇತ್ತು. ‘ಮರುದಿನ ಜ್ವರ ಬಂದರ ರೊಟ್ಟಿ ಮಾಡಾವ್ರು ಯಾರು?’ ಎಂದು ಒಬ್ಬ ಆಯಿ ಕೇಳಿದರು. ಆ ಮಾತು ಹಿಡಿದು ಹೊರಟೆವು. ಸೂಜಿ ಹಾಕಿಸಿಕೊಂಡವರ ಮನೆಗೆ ಎರಡು ದಿನ ಸಂಘದಿಂದ ರೊಟ್ಟಿ, ಬೇಳೆ. ಒಂದೇ ಮನೆಯ ಇಬ್ಬರನ್ನು ಒಂದೇ ದಿನ ಕರೆದೊಯ್ಯುತ್ತಿರಲಿಲ್ಲ. ಮೊದಲು ಹಾಕಿಸಿಕೊಂಡ ಮುತ್ಯಾ, ಚಾಚಾ ತಮ್ಮ ಮನೆಯ ಮುಂದೆ ಕೂತು ಹೋಗಿ ಬರುವವರನ್ನು ಮಾತಾಡಿಸಿದರು. ಅವರನ್ನು ಕಣ್ಣಾರೆ ನೋಡಿ ಒಪ್ಪಿಕೊಂಡವರೇ ಜಾಸ್ತಿ.

ಮೊಬೈಲ್ ಇಲ್ಲದವರ ಹೆಸರನ್ನು ನಮ್ಮ ಫೋನಿನಲ್ಲಿ ನೋಂದಾಯಿಸಿದೆವು. ಒಂದು ನಂಬರಿಗೆ ಆಗ ನಾಲ್ಕೇ ಜನ. ಹಾಗಾಗಿ ಸಂಘದ ಎಲ್ಲರ ಫೋನೂ ಬೇಕಾಯಿತು. ಮೇ ತಿಂಗಳಲ್ಲಿ ಕೋವಿಶೀಲ್ಡ್‌ನ ಎರಡನೇ ಡೋಸಿನ ಅಂತರ 12ರಿಂದ 16 ವಾರಕ್ಕೆ ಏರಿತು. ಮೊದಲು ಹೇಳಿದ ತಾರೀಖು ಬದಲಾದಾಗ ಹಿರಿಯರಿಗೆ ಮತ್ತೆ ಸಂಶಯ. ಮನೆ ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಹೊಸ ತಾರೀಖಿಗೆ ಕೆಂಪು ಗೋಲ ಹಾಕಿ ಬಂದೆವು.

ಪಟ್ಟಿಯನ್ನು ಈಗಲೂ ಬಿಟ್ಟಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಿರಿಯರಿಗೆ ನೀರಡಿಕೆ ಅಷ್ಟಾಗಿ ತಿಳಿಯುವುದಿಲ್ಲ. ಅದಕ್ಕೆ ಯುಗಾದಿ ಹೊತ್ತಿಗೆ ಪಟ್ಟಿ ತಿದ್ದುತ್ತೇವೆ, ಯಾರ ಬಾಗಿಲಿಗೆ ಯಾರು ಎಂದು ಮತ್ತೆ ಹಂಚುತ್ತೇವೆ. ಹಿರಿಯರ ಸಹಾಯವಾಣಿ 14567 ಪುಕ್ಕಟೆ, ಮುಂಜಾನೆ 8ರಿಂದ ರಾತ್ರಿ 8ರ ತನಕ ಎತ್ತುತ್ತಾರೆ. ಒಬ್ಬರೇ ಇರುವವರ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಆ ನಂಬರನ್ನೂ, ಅವರ ಓಣಿಯ ಹುಡುಗಿಯ ನಂಬರನ್ನೂ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ.